ಅಲಾರಂ ಹೊಡೆದ ಮೇಲಿನ ಮೊದಲ ಎರಡು ನಿಮಿಷ: ಆಫೀಸಿನ ಎಮರ್ಜೆನ್ಸಿ ಪ್ಲಾನ್ ಎಲ್ಲಿಂದ ಶುರುವಾಗಬೇಕು?

ಓದುಗರ ಪ್ರಶ್ನೆ:

"ನಮಸ್ಕಾರ ಸರ್. ನಾನು ಒಂದು ಖಾಸಗಿ ಕಂಪನಿಯಲ್ಲಿ ಆಡಳಿತ ವಿಭಾಗ ನೋಡಿಕೊಳ್ಳುತ್ತೇನೆ. ನಮ್ಮ ಆಫೀಸು ನಾಲ್ಕನೇ ಮಹಡಿಯಲ್ಲಿದೆ. ಹಗಲು ಸುಮಾರು 60 ಜನ, ರಾತ್ರಿ ಪಾಳಿಯಲ್ಲಿ ಆರೇಳು ಜನ ಇರುತ್ತಾರೆ. ಈಚೆಗೆ ಪಕ್ಕದ ಕಟ್ಟಡದಲ್ಲಿ ಸಣ್ಣದಾಗಿ ಬೆಂಕಿ ಹತ್ತಿತ್ತು. ಅದಾದ ಮೇಲೆ 'ನಮಗೂ ಒಂದು ಎಮರ್ಜೆನ್ಸಿ ಪ್ಲಾನ್ ಮಾಡಿಬಿಡಿ' ಅಂತ ಮೇಲಿನವರು ನನಗೆ ವಹಿಸಿದ್ದಾರೆ. ಒಂದು ಮಾದರಿ ಸಿಕ್ಕಿದೆ, 40 ಪುಟ. ನಮ್ಮ ಹೆಸರು ಹಾಕಿ ಫೈಲ್ ಮಾಡಿದರೆ ಸಾಕಾ? ಡ್ರಿಲ್ ಮಾಡೋಣ ಅಂದರೆ 'ಕೆಲಸ ಕೆಡುತ್ತೆ, ಜನ ಸುಮ್ನೆ ಗಾಬರಿ ಆಗ್ತಾರೆ' ಅನ್ನುತ್ತಾರೆ. ಕಳ್ಳತನದ ಭಯಕ್ಕೆ ಹಿಂದಿನ ಬಾಗಿಲಿಗೆ ಬೀಗ ಹಾಕಿರುತ್ತೇವೆ. ಕೀ ಸೆಕ್ಯುರಿಟಿಯವರ ಹತ್ತಿರ ಇರುತ್ತದೆ. ನಮ್ಮಲ್ಲಿ ಒಬ್ಬರು ಗಾಲಿಕುರ್ಚಿ ಬಳಸುತ್ತಾರೆ. ಲಿಫ್ಟ್ ನಿಂತರೆ ಅವರನ್ನು ಹೇಗೆ ಇಳಿಸುವುದು ಅಂತ ಯೋಚಿಸಿ ನನಗೆ ನಿದ್ದೆ ಬರುತ್ತಿಲ್ಲ. ಭೂಕಂಪ, ಪ್ರವಾಹ, ಯಾರಿಗಾದರೂ ಹೃದಯದ ತೊಂದರೆ, ಹೀಗೆ ಒಂದೊಂದಕ್ಕೂ ಬೇರೆ ಪ್ಲಾನ್ ಬೇಕಾ? ಮೊದಲು ಏನೇನು ಕೊಳ್ಳಬೇಕು?"

ಉತ್ತರ:

ನಿಮ್ಮ ಪತ್ರದಲ್ಲಿ ಪ್ರಶ್ನೆಗಳು ಹಲವು, ಚಿಂತೆ ಮಾತ್ರ ಒಂದೇ. ಏನಾದರೂ ಆದ ದಿನ ಎಲ್ಲರೂ ಹೊರಗೆ ಬರುತ್ತಾರಾ? ಅದನ್ನೇ ಮುಂದಿಟ್ಟುಕೊಂಡು ಉತ್ತರಿಸುತ್ತೇನೆ.

ಆಫೀಸು, ಕಾರ್ಖಾನೆ, ಗೋದಾಮುಗಳ ಸುರಕ್ಷತೆ ಪರಿಶೀಲಿಸುವುದು ನನ್ನ ವೃತ್ತಿ. ಹೋದ ಕಡೆಯೆಲ್ಲ ಮೊದಲು ದಪ್ಪ ಫೈಲ್ ತಂದು ಕೊಡುತ್ತಾರೆ. ನಾನು ಅದನ್ನು ಬದಿಗಿಟ್ಟು, ಹತ್ತಿರದ ಮೇಜಿನಲ್ಲಿ ಕೂತವರನ್ನು ಕೇಳುತ್ತೇನೆ: "ಈಗ ಅಲಾರಂ ಹೊಡೆದರೆ ನೀವು ಯಾವ ಕಡೆ ಹೋಗುತ್ತೀರಿ? ಆ ದಾರಿ ಮುಚ್ಚಿದ್ದರೆ?" ಅವರು ತಡವರಿಸದೆ ಕೈ ತೋರಿಸಿದರೆ ಅಲ್ಲಿ ಪ್ಲಾನ್ ಇದೆ. ಪಕ್ಕದವರ ಮುಖ ನೋಡಿದರೆ ಇಲ್ಲ. ಹಾಗಾಗಿ 40 ಪುಟದ ಮಾದರಿಗೆ ಹೆಸರು ಹಾಕಿಡುವುದು ಸಾಲದು. ಅದರಲ್ಲಿ ಒಂದು ಅಪಾಯವೂ ಇದೆ. ಕಾಗದ ಕೈಯಲ್ಲಿದ್ದರೆ ಕೆಲಸ ಮುಗಿಯಿತು ಅಂತ ಮೇಲಿನವರಿಗೆ ಅನ್ನಿಸಿಬಿಡುತ್ತದೆ. ಆಮೇಲೆ ಆ ಬೀಗದ ಮಾತು ಯಾರೂ ಎತ್ತುವುದಿಲ್ಲ.

ಗಾಬರಿಗಿಂತ ತಡವೇ ಅಪಾಯ

'ಜನ ಗಾಬರಿ ಆಗ್ತಾರೆ' ಅನ್ನುವ ಮಾತಿನಿಂದಲೇ ಶುರು ಮಾಡುತ್ತೇನೆ. ಏಕೆಂದರೆ ಡ್ರಿಲ್ ಬೇಡ ಅನ್ನುವುದಕ್ಕೂ, ಅಲಾರಂ ಆಫ್ ಮಾಡಿಡುವುದಕ್ಕೂ, 'ಮೊದಲು ಖಚಿತ ಮಾಡ್ಕೊಳ್ಳೋಣ, ಆಮೇಲೆ ಜನರಿಗೆ ಹೇಳೋಣ' ಅನ್ನುವುದಕ್ಕೂ ಇದೇ ಕಾರಣ. ಕೇಳಲು ಸರಿಯೆನಿಸುತ್ತದೆ. ಆದರೆ ನಿಜ ಬೇರೆ.

ಅಮೆರಿಕದ ಸಮಾಜಶಾಸ್ತ್ರಜ್ಞ ಎನ್ರಿಕೊ ಕ್ವಾರಂಟೆಲ್ಲಿ ಹಲವು ದಶಕ ವಿಪತ್ತುಗಳಲ್ಲಿ ಜನರ ನಡವಳಿಕೆಯನ್ನು ಅಧ್ಯಯನ ಮಾಡಿದರು. ವಿಪತ್ತುಗಳ ಬಗ್ಗೆಯೇ ಒಂದು ಸಂಶೋಧನಾ ಕೇಂದ್ರವನ್ನು 1963ರಲ್ಲಿ ಸಹೋದ್ಯೋಗಿಗಳ ಜೊತೆ ಕಟ್ಟಿದರು. ಒಬ್ಬರನ್ನೊಬ್ಬರು ತುಳಿದುಕೊಂಡು ಓಡುವಂಥ ಗಾಬರಿ ನಿಜವಾದ ಅನಾಹುತಗಳಲ್ಲಿ ಬಹಳ ಅಪರೂಪ ಅಂತ ಅವರು ಮತ್ತೆ ಮತ್ತೆ ತೋರಿಸಿದರು. ಜನ ಸಾಮಾನ್ಯವಾಗಿ ಒಬ್ಬರಿಗೊಬ್ಬರು ನೆರವಾಗುತ್ತಾರೆ. ನುಗ್ಗಾಟ ಆಗುವುದೇ ಇಲ್ಲ ಅಂತಲ್ಲ. ದಾರಿ ಒಂದೇ ಇದ್ದು, ಅದೂ ಮುಚ್ಚಿಹೋಗುತ್ತಿದೆ ಅಂತ ಗೊತ್ತಾದಾಗ ಆಗುತ್ತದೆ. ಅದರ ಮೂಲ ಆ ದಾರಿಯಲ್ಲಿದೆ. ಜನರ ಸ್ವಭಾವವನ್ನು ದೂರಿ ಪ್ರಯೋಜನವಿಲ್ಲ.

ನಿಜವಾಗಿ ಆಗುವುದು ಇದರ ಉಲ್ಟಾ. ಜನ ಕೂತೇ ಇರುತ್ತಾರೆ. 1968ರಲ್ಲಿ ಬಿಬ್ ಲಾತಾನೆ ಮತ್ತು ಜಾನ್ ಡಾರ್ಲಿ ಎಂಬ ಇಬ್ಬರು ಮನಶ್ಶಾಸ್ತ್ರಜ್ಞರು ಒಂದು ಪ್ರಯೋಗದ ಫಲಿತಾಂಶ ಪ್ರಕಟಿಸಿದರು. ವಿದ್ಯಾರ್ಥಿಗಳನ್ನು ಒಂದು ಕೋಣೆಯಲ್ಲಿ ಕೂರಿಸಿ ಫಾರಂ ತುಂಬಲು ಹೇಳಿ, ಗೋಡೆಯ ಸಂದಿಯಿಂದ ಹೊಗೆ ಬಿಟ್ಟರು. ಒಬ್ಬರೇ ಕೂತಿದ್ದಾಗ 75 ಶೇಕಡಾ ಜನ ಎದ್ದು ಹೋಗಿ ತಿಳಿಸಿದರು. ಏನೂ ಆಗದವರ ಹಾಗೆ ಇರಲು ಮೊದಲೇ ಹೇಳಿಕೊಟ್ಟಿದ್ದ ಇಬ್ಬರು ಜೊತೆಗಿದ್ದಾಗ ಕೇವಲ 10 ಶೇಕಡಾ ಜನ ತಿಳಿಸಿದರು. ಉಳಿದವರು ಕಣ್ಣು ಉಜ್ಜಿಕೊಂಡು, ಕೆಮ್ಮುತ್ತಾ, ಫಾರಂ ತುಂಬುತ್ತಲೇ ಕೂತಿದ್ದರು. ಪಕ್ಕದವರು ಸುಮ್ಮನಿದ್ದಾರೆ, ಹಾಗಾದರೆ ಏನೂ ಇರಲಿಕ್ಕಿಲ್ಲ ಅಂತ ಪ್ರತಿಯೊಬ್ಬರೂ ಅಂದುಕೊಳ್ಳುತ್ತಾರೆ. 60 ಜನ ಇರುವ ನಿಮ್ಮ ಹಾಲ್‌ನಲ್ಲಿ ಅಲಾರಂ ಹೊಡೆದಾಗ ನಡೆಯುವುದೂ ಇದೇ. ಎಲ್ಲರೂ ತಲೆ ಎತ್ತುತ್ತಾರೆ, ಸುತ್ತ ನೋಡುತ್ತಾರೆ, ಮತ್ತೆ ಕೆಲಸಕ್ಕೆ ತಲೆ ಬಗ್ಗಿಸುತ್ತಾರೆ.

2001ರ ಸೆಪ್ಟೆಂಬರ್ 11ರಂದು ನ್ಯೂಯಾರ್ಕಿನ ಅವಳಿ ಗೋಪುರಗಳಿಂದ ಬದುಕಿ ಬಂದವರ ಹೇಳಿಕೆಗಳಲ್ಲೂ ಇದೇ ಕಾಣುತ್ತದೆ. ಎಷ್ಟೋ ಜನ ಹೊರಡುವ ಮೊದಲು ಕಂಪ್ಯೂಟರ್ ಬಂದ್ ಮಾಡಿದರು, ಬ್ಯಾಗ್ ಹುಡುಕಿದರು, ಫೋನ್ ಮಾಡಿದರು. ಮೊದಲ ವಿಮಾನ ಉತ್ತರದ ಗೋಪುರಕ್ಕೆ ಬಡಿದ ಮೇಲೆ, ದಕ್ಷಿಣದ ಗೋಪುರದಲ್ಲಿ 'ಈ ಕಟ್ಟಡ ಸುರಕ್ಷಿತ, ನಿಮ್ಮ ಜಾಗಕ್ಕೆ ವಾಪಸ್ ಹೋಗಿ' ಎಂಬ ಅರ್ಥದ ಪ್ರಕಟಣೆ ಕೇಳಿಬಂತು. ಅಲ್ಲಿದ್ದ ಮಾರ್ಗನ್ ಸ್ಟ್ಯಾನ್ಲಿ ಕಂಪನಿಯ ಭದ್ರತಾ ಮುಖ್ಯಸ್ಥ ರಿಕ್ ರೆಸ್ಕೋರ್ಲಾ ಅದನ್ನು ಒಪ್ಪಲಿಲ್ಲ. 1993ರಲ್ಲಿ ಅದೇ ಕಟ್ಟಡಗಳ ಸಮುಚ್ಚಯದಲ್ಲಿ ಬಾಂಬ್ ಸ್ಫೋಟಿಸಿದ ಮೇಲೆ ಅವರು ಪಟ್ಟು ಹಿಡಿದು ಡ್ರಿಲ್ ಮಾಡಿಸುತ್ತಿದ್ದರು. ದೊಡ್ಡ ಹುದ್ದೆಯವರು ಗೊಣಗಿದರೂ ಬಿಡುತ್ತಿರಲಿಲ್ಲ. ಆ ದಿನ ಧ್ವನಿವರ್ಧಕ ಹಿಡಿದು ಜನರನ್ನು ಮೆಟ್ಟಿಲಿಗೆ ಕಳಿಸಿದರು. ಸುಮಾರು 2,700 ನೌಕರರಲ್ಲಿ ಬಹುತೇಕ ಎಲ್ಲರೂ ಉಳಿದರು. ಇನ್ನೂ ಒಳಗೇ ಇದ್ದವರನ್ನು ಹುಡುಕಲು ಮತ್ತೆ ಮೇಲೆ ಹೋದ ರೆಸ್ಕೋರ್ಲಾ ಮರಳಲಿಲ್ಲ. 'ಡ್ರಿಲ್‌ನಿಂದ ಕೆಲಸ ಕೆಡುತ್ತೆ' ಅನ್ನುವವರಿಗೆ ಈ ಒಂದು ಘಟನೆ ಹೇಳಿ.

ಹಾಗಾಗಿ ಪ್ಲಾನ್‌ನ ಮೊದಲ ಸಾಲು ಹೀಗಿರಲಿ: ಹೊರಡಿ ಅಂತ ಹೇಳುವ ಅಧಿಕಾರ ಎಲ್ಲರಿಗೂ ಇದೆ. ಹೌಸ್‌ಕೀಪಿಂಗ್ ಹುಡುಗನಿಗೂ, ನಿನ್ನೆ ಸೇರಿದವರಿಗೂ. ಅಲಾರಂ ಗುಂಡಿ ಒತ್ತಲು ಮ್ಯಾನೇಜರ್ ಒಪ್ಪಿಗೆ ಕಾಯಬಾರದು. ಒತ್ತಿದ್ದು ತಪ್ಪಾದರೂ ಬೈಯುವ ಹಾಗಿಲ್ಲ. ಇದನ್ನು ಬರಹದಲ್ಲಿ, ಮೇಲಿನವರ ಸಹಿಯೊಂದಿಗೆ ಹಾಕಿಸಿ. ಒಬ್ಬರಿಗೆ ಒಂದು ಸಲ ಎಲ್ಲರ ಮುಂದೆ ಬೈದರೆ ಸಾಕು, ಮುಂದಿನ ಸಲ ಹೊಗೆ ಕಂಡರೂ ಯಾರೂ ಗುಂಡಿ ಮುಟ್ಟುವುದಿಲ್ಲ.

ಕಾರಣವಿಲ್ಲದೆ ಪದೇ ಪದೇ ಹೊಡೆಯುವ ಅಲಾರಂ ಇದ್ದರೆ ಅದನ್ನೂ ಗಂಭೀರವಾಗಿ ತೆಗೆದುಕೊಳ್ಳಿ. ಪ್ಯಾಂಟ್ರಿಯ ಹಬೆಗೋ ಧೂಳಿಗೋ ಡಿಟೆಕ್ಟರ್ ಹೊಡೆಯುತ್ತಿರಬಹುದು. ಅದರ ಜಾಗ ಬದಲಾಯಿಸಿ, ಸ್ವಚ್ಛ ಮಾಡಿಸಿ, ಬೇರೆ ಬಗೆಯದು ಹಾಕಿಸಿ. ಆಫ್ ಮಾಡಿ ಮಾತ್ರ ಇಡಬೇಡಿ.

ಹಿಂದಿನ ಬಾಗಿಲ ಬೀಗ

ನಿಮ್ಮ ಪತ್ರದಲ್ಲಿ ನನ್ನನ್ನು ಅತಿ ಹೆಚ್ಚು ಕಾಡಿದ ಸಾಲು ಇದು. ಬೇರೆ ಏನೂ ಮಾಡಲು ಆಗದಿದ್ದರೂ ಈ ವಾರ ಇದನ್ನು ಸರಿಪಡಿಸಿ.

1911ರ ಮಾರ್ಚ್ 25ರಂದು ನ್ಯೂಯಾರ್ಕಿನ ಟ್ರಯಾಂಗಲ್ ಬಟ್ಟೆ ಕಾರ್ಖಾನೆಯಲ್ಲಿ ಬೆಂಕಿ ಬಿತ್ತು. 146 ಜನ ಸತ್ತರು. ಹೆಚ್ಚಿನವರು ಚಿಕ್ಕ ವಯಸ್ಸಿನ ಹೆಣ್ಣುಮಕ್ಕಳು. ಒಂಬತ್ತನೇ ಮಹಡಿಯಲ್ಲಿ ಮೆಟ್ಟಿಲಿನ ಒಂದು ಬಾಗಿಲಿಗೆ ಬೀಗ ಹಾಕಿತ್ತು. ಬಟ್ಟೆ ಕದ್ದುಕೊಂಡು ಹೋಗಬಾರದು, ಎಲ್ಲರೂ ಒಂದೇ ಬಾಗಿಲಿನಿಂದ ಚೀಲ ತೋರಿಸಿ ಹೋಗಬೇಕು ಅನ್ನುವುದು ಅದರ ಹಿಂದಿನ ಲೆಕ್ಕ. ನಿಮ್ಮ ಆಫೀಸಿನದೂ ಅದೇ ಲೆಕ್ಕ, ಅಲ್ವಾ? ಅಲ್ಲಿ ಇನ್ನೊಂದು ಸಂಗತಿಯೂ ನಡೆಯಿತು. ಬೆಂಕಿ ಹತ್ತಿದ್ದು ಎಂಟನೇ ಮಹಡಿಯಲ್ಲಿ. ಅಲ್ಲಿಂದ ಹತ್ತನೇ ಮಹಡಿಯ ಕಚೇರಿಗೆ ಫೋನ್ ಹೋಯಿತು, ಅಲ್ಲಿದ್ದವರು ಹೆಚ್ಚುಕಡಿಮೆ ಎಲ್ಲರೂ ಪಾರಾದರು. ನಡುವಿನ ಒಂಬತ್ತನೇ ಮಹಡಿಗೆ ಹೇಳುವ ವ್ಯವಸ್ಥೆಯೇ ಇರಲಿಲ್ಲ. ಸತ್ತವರಲ್ಲಿ ಬಹುಪಾಲು ಜನ ಆ ಮಹಡಿಯವರು. ನಿಮ್ಮ ಮಹಡಿಯ ಮೇಲೆ ಮತ್ತು ಕೆಳಗೆ ಯಾರಿದ್ದಾರೆ, ಅಲ್ಲಿ ಏನಾದರೂ ಆದರೆ ನಿಮಗೆ ಹೇಗೆ ಗೊತ್ತಾಗುತ್ತದೆ ಅನ್ನುವುದನ್ನು ಇದೇ ಸಂದರ್ಭದಲ್ಲಿ ವಿಚಾರಿಸಿಕೊಳ್ಳಿ.

ನಿಮಗಿರುವ ದಾರಿಗಳನ್ನು ನೋಡೋಣ. ಕೀ ಸೆಕ್ಯುರಿಟಿಯವರ ಹತ್ತಿರ ಇರುವುದು ಎಲ್ಲಕ್ಕಿಂತ ಕೆಟ್ಟದ್ದು. ಅವರು ಕೆಳಗಿರಬಹುದು, ಊಟಕ್ಕೆ ಹೋಗಿರಬಹುದು, ಹೊಗೆಯಲ್ಲಿ ಮೇಲೆ ಬರಲಾಗದೆ ಇರಬಹುದು. ಬಾಗಿಲ ಪಕ್ಕ ಗಾಜಿನ ಪೆಟ್ಟಿಗೆಯಲ್ಲಿ ಕೀ ಇಡುವುದು ಸ್ವಲ್ಪ ಮೇಲು, ಅಷ್ಟೇ. ಕತ್ತಲೆಯಲ್ಲಿ, ಹಿಂದಿನಿಂದ ಜನ ತಳ್ಳುತ್ತಿರುವಾಗ ನಡುಗುವ ಕೈಯಲ್ಲಿ ಕೀ ತಿರುಗಿಸುವುದು ಸುಲಭವಲ್ಲ. ಕಾರ್ಡ್ ತೋರಿಸಿದರೆ ತೆಗೆಯುವ ಅಯಸ್ಕಾಂತದ ಬೀಗ ಹಾಕಿಸಬಹುದು. ಆದರೆ ಅಲಾರಂ ಹೊಡೆದಾಗ ಮತ್ತು ಕರೆಂಟು ಹೋದಾಗ ಅದು ತಾನಾಗಿ ಬಿಟ್ಟುಕೊಳ್ಳುವ ಹಾಗೆ ಜೋಡಿಸಿರಬೇಕು, ಪಕ್ಕದಲ್ಲೇ ಕೈಯಿಂದ ಬಿಡಿಸುವ ಗುಂಡಿಯೂ ಇರಬೇಕು. ಎಷ್ಟೋ ಕಡೆ ಈ ಜೋಡಣೆ ಕಾಗದದ ಮೇಲೆ ಇರುತ್ತದೆ, ಪರೀಕ್ಷೆ ಮಾಡಿದರೆ ಬಾಗಿಲು ಬಿಡುವುದಿಲ್ಲ. ಬ್ಯಾಟರಿ ಬ್ಯಾಕಪ್ ಕೊಟ್ಟು ಬೀಗ ಹಿಡಿದುಕೊಂಡೇ ಇರುವಂತೆ ಮಾಡಿದ್ದನ್ನೂ ಕಂಡಿದ್ದೇನೆ.

ನಾನು ಹೇಳುವುದು ತಳ್ಳುವ ಅಡ್ಡಪಟ್ಟಿಯ ಬಾಗಿಲು. ಒಳಗಿನಿಂದ ಮೈಯಿಂದ ಒತ್ತಿದರೂ ತೆರೆಯುತ್ತದೆ, ಹೊರಗಿನಿಂದ ತೆರೆಯುವುದಿಲ್ಲ. ತೆರೆದ ಕೂಡಲೇ ಜೋರಾಗಿ ಕಿರುಚುವ ಸಣ್ಣ ಅಲಾರಂ ಅದಕ್ಕೆ ಸೇರಿಸಿ. ಕಳ್ಳತನದ ಚಿಂತೆಗೆ ಈ ಸದ್ದೇ ಉತ್ತರ. ಬೇಕಿದ್ದರೆ ಒಂದು ಕ್ಯಾಮೆರಾ ಹಾಕಿ. ಹೀಗೆ ಮಾಡಿದರೂ ಒಂದಿಷ್ಟು ಸಾಮಾನು ಕಳೆದುಹೋಗುವ ಸಾಧ್ಯತೆ ಉಳಿಯುತ್ತದೆ, ಅದನ್ನು ಮುಚ್ಚಿಡುವುದಿಲ್ಲ. ಆ ಅಪಾಯ ಹೊರಬಹುದಾದದ್ದು. ಇನ್ನೊಂದನ್ನು ಹೊರಲಾಗದು.

ಬಾಗಿಲು ತೆರೆದರೆ ಸಾಲದು, ಜನರಿಗೆ ಅದರ ನೆನಪೂ ಇರಬೇಕು. ತುರ್ತಿನಲ್ಲಿ ಮನುಷ್ಯ ತಾನು ಬಂದ ದಾರಿಯಲ್ಲೇ ವಾಪಸ್ ಹೋಗಲು ನೋಡುತ್ತಾನೆ. 2003ರ ಫೆಬ್ರವರಿಯಲ್ಲಿ ಅಮೆರಿಕದ ರೋಡ್ ಐಲೆಂಡ್‌ನ ಒಂದು ನೈಟ್‌ಕ್ಲಬ್‌ನಲ್ಲಿ ಬೆಂಕಿ ಬಿದ್ದು 100 ಜನ ಸತ್ತರು. ಬೇರೆ ಬಾಗಿಲುಗಳಿದ್ದರೂ ಹೆಚ್ಚಿನವರು ಒಳಗೆ ಬಂದಿದ್ದ ಮುಂಬಾಗಿಲಿಗೇ ನುಗ್ಗಿದ್ದರು. ಹಾಗಾಗಿ ವಾರಕ್ಕೊಂದು ದಿನ ಎಲ್ಲರೂ ಸಂಜೆ ಹಿಂದಿನ ಮೆಟ್ಟಿಲಿನಿಂದಲೇ ಇಳಿದು ಹೋಗುವ ರೂಢಿ ಮಾಡಿ. ಇದಕ್ಕೆ ದುಡ್ಡು ಬೇಡ. ಆ ಮೆಟ್ಟಿಲಲ್ಲಿ ಪೇರಿಸಿಟ್ಟ ಹಳೇ ಕುರ್ಚಿ, ರಟ್ಟಿನ ಡಬ್ಬ, ಉರಿಯದ ಬಲ್ಬು ಎಲ್ಲವೂ ಮೊದಲ ವಾರವೇ ಕಣ್ಣಿಗೆ ಬೀಳುತ್ತವೆ. ಮೆಟ್ಟಿಲ ಬಾಗಿಲನ್ನು ಗಾಳಿಗೆಂದು ಇಟ್ಟಿಗೆ ಕೊಟ್ಟು ತೆರೆದಿಟ್ಟಿದ್ದರೆ ಇಟ್ಟಿಗೆ ತೆಗೆಸಿ. ಹೊಗೆ ಮೆಟ್ಟಿಲಿಗೆ ಬರದಂತೆ ತಡೆಯುವುದು ಆ ಬಾಗಿಲೇ.

ಗಾಲಿಕುರ್ಚಿ ಬಳಸುವ ಸಹೋದ್ಯೋಗಿ

ಅವರ ಬಗ್ಗೆ ಇಷ್ಟು ಯೋಚಿಸಿದ್ದೀರಿ, ಸಂತೋಷ. ಇನ್ನೊಂದು ಹೆಜ್ಜೆ ಮುಂದೆ ಹೋಗಿ, ಅವರನ್ನೇ ಕೇಳಿ. ಅವರನ್ನು ಬಿಟ್ಟು ಮಾಡಿದ ವ್ಯವಸ್ಥೆ ಹೆಚ್ಚಾಗಿ ಕೈಕೊಡುತ್ತದೆ. ಅವರ ಮೈ ಹೇಗೆ ಹಿಡಿದರೆ ನೋವಾಗುತ್ತದೆ, ಎಷ್ಟು ಹೊತ್ತು ಕೂರಬಲ್ಲರು, ಯಾರ ಮೇಲೆ ನಂಬಿಕೆ ಇದೆ ಅನ್ನುವುದು ಅವರಿಗೆ ಮಾತ್ರ ಗೊತ್ತು.

ಲಿಫ್ಟ್ ಯಾಕೆ ಬೇಡ ಅನ್ನುವುದನ್ನು ಮೊದಲು ಹೇಳಿಬಿಡುತ್ತೇನೆ. ಲಿಫ್ಟಿನ ಕೊಳವೆಯಲ್ಲಿ ಹೊಗೆ ವೇಗವಾಗಿ ಮೇಲೇರುತ್ತದೆ. ಕರೆಂಟು ಹೋದರೆ ನಡುವೆ ಸಿಕ್ಕಿಕೊಳ್ಳುತ್ತೀರಿ. ಬೆಂಕಿ ಇರುವ ಮಹಡಿಯಲ್ಲೇ ಅದು ನಿಂತು ಬಾಗಿಲು ತೆರೆದ ಘಟನೆಗಳೂ ಇವೆ. ಕೆಲವು ಹೊಸ ಕಟ್ಟಡಗಳಲ್ಲಿ ತುರ್ತಿಗೆಂದೇ ಪ್ರತ್ಯೇಕ ಕರೆಂಟು ಮತ್ತು ಹೊಗೆ ತಡೆ ಇರುವ ಲಿಫ್ಟ್ ಇರುತ್ತದೆ. ನಿಮ್ಮಲ್ಲಿ ಅದು ಇದೆ ಅಂತ ಕಟ್ಟಡದವರು ಬರೆದುಕೊಟ್ಟರೆ ಮಾತ್ರ ಲೆಕ್ಕಕ್ಕೆ ತೆಗೆದುಕೊಳ್ಳಿ.

ಉಳಿದ ದಾರಿ ಮೂರು. ಮೆಟ್ಟಿಲ ಮೇಲೆ ಜಾರಿಸಿಕೊಂಡು ಇಳಿಸುವ ವಿಶೇಷ ಕುರ್ಚಿ ಬರುತ್ತದೆ. ತರಬೇತಿ ಆದವರು ಇದ್ದರೆ ನಾಲ್ಕು ಮಹಡಿ ಇಳಿಸುವುದು ಕಷ್ಟವಲ್ಲ. 1993ರ ಸ್ಫೋಟದ ನಂತರ ನ್ಯೂಯಾರ್ಕಿನ ಆ ಗೋಪುರಗಳಿಗೆ ಇಂಥ ಕುರ್ಚಿಗಳನ್ನು ತರಿಸಿದ್ದರು. 2001ರಲ್ಲಿ ಒಬ್ಬರನ್ನು ಸಹೋದ್ಯೋಗಿಗಳು 69ನೇ ಮಹಡಿಯಿಂದ ಅದರಲ್ಲೇ ಇಳಿಸಿದರು. ಇದರ ಅಪಾಯ ಏನೆಂದರೆ, ಕೊಂಡು ಪ್ಲಾಸ್ಟಿಕ್ ಸಹಿತ ಗೋಡೆಗೆ ನೇತುಹಾಕಿ ಯಾರೂ ಮುಟ್ಟದೆ ಇರುವುದು. ಎರಡನೆಯದು, ಮೆಟ್ಟಿಲ ಪಕ್ಕ ಬೆಂಕಿ ತಡೆಯುವ ಬಾಗಿಲಿನ ಹಿಂದೆ ಸುರಕ್ಷಿತ ಜಾಗದಲ್ಲಿ ಕಾಯುವುದು. ಅಲ್ಲಿಂದ ಕೆಳಗಿನವರ ಜೊತೆ ಮಾತಾಡಲು ಸಾಧನ ಬೇಕು, ಜೊತೆಗೊಬ್ಬರು ಇರಬೇಕು, ಅವರಿದ್ದಾರೆ ಅಂತ ಅಗ್ನಿಶಾಮಕ ದಳಕ್ಕೆ ಮೊದಲ ಮಾತಿನಲ್ಲೇ ತಿಳಿಸಬೇಕು. ಇವು ಮೂರೂ ಇಲ್ಲದಿದ್ದರೆ ಅದು ಸುರಕ್ಷಿತ ಜಾಗವಲ್ಲ, ಬಿಟ್ಟುಬಂದ ಜಾಗ. ಮೂರನೆಯದು ಎತ್ತಿಕೊಂಡು ಇಳಿಯುವುದು. ಬೇರೆ ದಾರಿ ಇಲ್ಲದಾಗ ಮಾಡಲೇಬೇಕು, ಆದರೆ ಬೀಳುವ ಸಂಭವ ಜಾಸ್ತಿ. ನನ್ನ ಸಲಹೆ, ಕುರ್ಚಿ ತರಿಸಿ, ನಾಲ್ಕೈದು ಜನಕ್ಕೆ ಕಲಿಸಿ. ಇಬ್ಬರಿಗೆ ಮಾತ್ರ ಕಲಿಸಿದರೆ ಅವರಿಬ್ಬರೂ ರಜೆ ಹಾಕಿದ ದಿನ ಕಷ್ಟ.

ಗಾಲಿಕುರ್ಚಿ ಕಣ್ಣಿಗೆ ಕಾಣುತ್ತದೆ. ಕಾಣದವರೂ ಇರುತ್ತಾರೆ. ಗರ್ಭಿಣಿಯರು, ಮಂಡಿನೋವಿನವರು, ಆಸ್ತಮಾ ಇರುವವರು, ಅಲಾರಂ ಕೇಳಿಸದವರು. ಎಲ್ಲರ ಮುಂದೆ ಕೈ ಎತ್ತಿಸಬೇಡಿ. ಖಾಸಗಿಯಾಗಿ ತಿಳಿಸಲು ಒಂದು ದಾರಿ ಇಡಿ.

ಬೆಂಕಿ, ಹೊಗೆ, ಸಿಲಿಂಡರ್

ಬೆಂಕಿ ಅವಘಡಗಳಲ್ಲಿ ಜನರನ್ನು ಹೆಚ್ಚು ಕೊಲ್ಲುವುದು ಹೊಗೆ. ಉರಿಯುವ ಮರ, ಬಟ್ಟೆ, ಕಾಗದ ಎಲ್ಲದರಿಂದ ಕಾರ್ಬನ್ ಮಾನಾಕ್ಸೈಡ್ ಬರುತ್ತದೆ. ಕುರ್ಚಿಯ ಫೋಮ್ ಮತ್ತು ಕೆಲವು ಪ್ಲಾಸ್ಟಿಕ್‌ಗಳಿಂದ ಸೈನೈಡ್ ಅನಿಲವೂ ಬರುತ್ತದೆ. ಕೆಲವು ಉಸಿರಿಗೇ ತಲೆ ಮಂಕಾಗಬಹುದು. ಒದ್ದೆ ಕರವಸ್ತ್ರ ಮೂಗಿಗೆ ಹಿಡಿದರೆ ಹೊಗೆಯಲ್ಲಿ ದಾಟಬಹುದು ಅನ್ನುವ ನಂಬಿಕೆ ಬಹಳ ಜನರಲ್ಲಿದೆ. ಬಟ್ಟೆ ಮಸಿಯನ್ನು ಸ್ವಲ್ಪ ತಡೆಯಬಹುದು, ಈ ಅನಿಲಗಳನ್ನು ತಡೆಯುವುದಿಲ್ಲ. ಹೊಗೆ ಕಂಡರೆ ಬೇರೆ ದಾರಿ ಹಿಡಿಯಿರಿ. ದಾರಿಯೇ ಇಲ್ಲದಿದ್ದರೆ ನೆಲಕ್ಕೆ ಬಗ್ಗಿ ಹೋಗಿ, ಗಾಳಿ ತಿಳಿಯಾಗಿರುವುದು ಅಲ್ಲೇ. ಹೊರಡುವಾಗ ಹಿಂದಿನ ಬಾಗಿಲು ಎಳೆದುಕೊಂಡು ಹೋಗಿ. ಮುಚ್ಚಿದ ಬಾಗಿಲು ಬೆಂಕಿಯನ್ನೂ ಹೊಗೆಯನ್ನೂ ನಿಮಿಷಗಟ್ಟಲೆ ತಡೆಯುತ್ತದೆ.

ಬೆಂಕಿ ಆರಿಸುವ ಸಿಲಿಂಡರ್ ಬಗ್ಗೆ ಜನರಿಗೆ ಅತಿಯಾದ ಭರವಸೆ. ಗೋಡೆಗೆ ನೇತುಹಾಕುವ ಸಾಮಾನ್ಯ ಸಿಲಿಂಡರ್ ಸುಮಾರು 10ರಿಂದ 20 ಸೆಕೆಂಡಿನಲ್ಲಿ ಖಾಲಿ. ಕಸದ ಬುಟ್ಟಿಯಷ್ಟು ಬೆಂಕಿಗೆ ಅದು ಸರಿ. ಅಲಾರಂ ಒತ್ತಿಸಿ ಆಗಿರಬೇಕು, ನಿಮ್ಮ ಬೆನ್ನ ಹಿಂದೆ ಬಾಗಿಲಿರಬೇಕು, ಬಳಸಲು ಗೊತ್ತಿರಬೇಕು. ಒಂದು ಸಿಲಿಂಡರಿಗೆ ಆರದಿದ್ದರೆ ಎರಡನೆಯದು ಹುಡುಕಬೇಡಿ, ಹೊರಡಿ. ಕರೆಂಟಿನ ಬೆಂಕಿಗೆ ನೀರು ಹಾಕಬಾರದು. ಉರಿಯುವ ಎಣ್ಣೆಗಂತೂ ನೀರು ಹಾಕಲೇಬಾರದು, ಅದು ಸಿಡಿದು ಮೇಲೇಳುತ್ತದೆ. ಪುಡಿಯ ಸಿಲಿಂಡರಿನಲ್ಲಿ ಒತ್ತಡ ತೋರಿಸುವ ಮುಳ್ಳು ಹಸಿರು ಭಾಗದಲ್ಲಿದೆಯಾ ಅಂತ ತಿಂಗಳಿಗೊಮ್ಮೆ ನೋಡಿ. ಕಾರ್ಬನ್ ಡೈಆಕ್ಸೈಡ್ ಸಿಲಿಂಡರಿಗೆ ಮುಳ್ಳೇ ಇರುವುದಿಲ್ಲ, ಅದನ್ನು ತೂಕ ಹಾಕಿಯೇ ತಿಳಿಯಬೇಕು. ಸರ್ವಿಸ್ ಮಾಡುವವರು ತೂಕ ಹಾಕದೆ ಚೀಟಿ ಅಂಟಿಸಿ ಹೋದರೆ ಒಪ್ಪಬೇಡಿ.

ಈಗ ಆಫೀಸುಗಳಲ್ಲಿ ಹೊಸ ಚಿಂತೆ ಲಿಥಿಯಂ ಬ್ಯಾಟರಿ. ಲ್ಯಾಪ್‌ಟಾಪ್, ಪವರ್ ಬ್ಯಾಂಕ್, ಚಾರ್ಜಿಗೆ ಹಾಕಿದ ಎಲೆಕ್ಟ್ರಿಕ್ ಸ್ಕೂಟರ್. ಊದಿಕೊಂಡ ಬ್ಯಾಟರಿ, ವಿಚಿತ್ರ ವಾಸನೆ, ಬುಸುಗುಟ್ಟುವ ಸದ್ದು ಇದ್ದರೆ ದೂರ ಸರಿಯಿರಿ. ದೊಡ್ಡ ಬ್ಯಾಟರಿ ಹತ್ತಿಕೊಂಡರೆ ಆರಿದ ಹಾಗೆ ಕಂಡು ಮತ್ತೆ ಹತ್ತಿಕೊಳ್ಳುತ್ತದೆ, ಹೊಗೆಯೂ ವಿಷ. ಬಾಗಿಲು ಮುಚ್ಚಿ ಹೊರಡುವುದೇ ಸರಿ. ವಾಹನದ ಬ್ಯಾಟರಿಯನ್ನು ಹೊರಹೋಗುವ ದಾರಿಯಲ್ಲಿ ಚಾರ್ಜ್ ಮಾಡಲು ಬಿಡಲೇಬೇಡಿ.

ಡ್ರಿಲ್ ಮಾಡುವ ಬಗೆ

ಮೊದಲ ಡ್ರಿಲ್ ದಿನ, ಹೊತ್ತು ಎಲ್ಲ ಮೊದಲೇ ಹೇಳಿ ಮಾಡಿ. ಗಾಬರಿಯ ಆಕ್ಷೇಪ ಅಲ್ಲೇ ಮುಗಿಯುತ್ತದೆ. ಹೇಳದೆ ಮಾಡುವ ಡ್ರಿಲ್‌ನಲ್ಲಿ ನಿಜಸ್ಥಿತಿ ಹೆಚ್ಚು ಗೊತ್ತಾಗುತ್ತದೆ, ನಿಜ. ಆದರೆ ಹೃದಯದ ತೊಂದರೆ ಇರುವವರು, ಮೆಟ್ಟಿಲಲ್ಲಿ ಎಡವುವವರು ಇರುತ್ತಾರೆ. ಮೂರನೇ ನಾಲ್ಕನೇ ಸಲಕ್ಕೆ, ಜನ ದಾರಿ ಕಲಿತ ಮೇಲೆ, 'ಈ ವಾರದಲ್ಲಿ ಒಂದು ದಿನ' ಅಂತ ಮಾತ್ರ ಹೇಳಿ ಮಾಡಬಹುದು. ನಿಜವಾದ ಬೆಂಕಿಯ ನಾಟಕ, ಹೊಗೆ ಬಿಡುವುದು, ಅಳುವ ನಟನೆ ಯಾವುದೂ ಬೇಡ.

ಎಲ್ಲರೂ ಒಟ್ಟು ಸಮಯ ಅಳೆಯುತ್ತಾರೆ. ನಾನು ಎರಡು ಸಮಯ ಬರೆದಿಡಲು ಹೇಳುತ್ತೇನೆ. ಅಲಾರಂ ಹೊಡೆದ ಮೇಲೆ ಹೆಚ್ಚಿನವರು ಕುರ್ಚಿಯಿಂದ ಏಳಲು ಎಷ್ಟು ಹೊತ್ತಾಯಿತು? ಎದ್ದ ಮೇಲೆ ಕೊನೆಯವರು ಹೊರಗೆ ಬರಲು ಎಷ್ಟು ಹೊತ್ತಾಯಿತು? ಎರಡನೆಯದು ಮೆಟ್ಟಿಲಿನ ಅಗಲ, ಮಹಡಿಯ ಎತ್ತರದ ಮೇಲೆ ನಿಂತಿದೆ, ಅದನ್ನು ಜಾಸ್ತಿ ಬದಲಿಸಲಾಗದು. ಮೊದಲನೆಯದು ಪೂರ್ತಿ ನಿಮ್ಮ ಕೈಯಲ್ಲಿದೆ. ಮೇಲಿನವರು ಮೊದಲು ಏಳಬೇಕು. ಮ್ಯಾನೇಜರ್ ಫೋನಿನಲ್ಲಿ ಮಾತಾಡುತ್ತಾ ಕೂತಿದ್ದರೆ ಆ ವಿಭಾಗ ಪೂರ್ತಿ ಕೂತಿರುತ್ತದೆ.

ಎರಡನೇ ಡ್ರಿಲ್‌ನಲ್ಲಿ ಮುಖ್ಯ ಮೆಟ್ಟಿಲ ಬಾಗಿಲಿಗೆ 'ಇಲ್ಲಿ ಹೊಗೆ ಇದೆ' ಅಂತ ಒಂದು ಹಲಗೆ ಇಡಿ. ಜನ ಅದನ್ನು ನೋಡಿ ಏನು ಮಾಡುತ್ತಾರೆ ನೋಡಿ. ಅಲ್ಲೇ ಗುಂಪುಗೂಡಿ ನಿಂತರೆ ಎರಡನೇ ದಾರಿ ಇನ್ನೂ ಯಾರ ತಲೆಯಲ್ಲೂ ಕೂತಿಲ್ಲ ಅಂತ ಅರ್ಥ.

ಪ್ರತಿ ಭಾಗಕ್ಕೂ ಇಬ್ಬರು ಜವಾಬ್ದಾರರು, ಅವರಿಲ್ಲದಾಗ ಇಬ್ಬರು ಬದಲಿ. ಅವರ ಕೆಲಸ ಟಾಯ್ಲೆಟ್, ಮೀಟಿಂಗ್ ರೂಮು, ಸರ್ವರ್ ರೂಮು ನೋಡಿಕೊಂಡು ಬರುವುದು. ಸಿಕ್ಕಿಕೊಂಡವರನ್ನು ಹೊಗೆಯೊಳಗೆ ನುಗ್ಗಿ ತರುವುದು ಅವರ ಕೆಲಸವಲ್ಲ, ಇದನ್ನು ಸ್ಪಷ್ಟವಾಗಿ ಹೇಳಿ. ಕೆಳಗೆ ಸೇರುವ ಜಾಗ ಕಟ್ಟಡದಿಂದ ದೂರ ಇರಲಿ. ಗಾಜು ಬೀಳುವಷ್ಟು ಹತ್ತಿರ ಬೇಡ, ಅಗ್ನಿಶಾಮಕ ವಾಹನ ಬರುವ ದಾರಿಯೂ ಬೇಡ. ಅಲ್ಲಿ ಎಣಿಸುವಾಗ ನೌಕರರ ಹಾಜರಿ ಪಟ್ಟಿ ಮಾತ್ರ ಸಾಲದು. ಭೇಟಿಗೆ ಬಂದವರು, ಗುತ್ತಿಗೆಯವರು, ಎಸಿ ರಿಪೇರಿಯವರು, ಶುಚಿ ಮಾಡುವವರು ಎಲ್ಲರೂ ಲೆಕ್ಕಕ್ಕೆ ಬರಬೇಕು. ಪಟ್ಟಿ ಕಂಪ್ಯೂಟರಿನೊಳಗೇ ಇದ್ದರೆ ಅದು ಮೇಲೇ ಉಳಿಯುತ್ತದೆ. ಮತ್ತೆ ಒಳಗೆ ಹೋಗಬಹುದು ಅಂತ ಹೇಳುವವರು ಒಬ್ಬರೇ ಇರಬೇಕು. ಅಲಾರಂ ನಿಂತಿತು ಅಂತ ಯಾರೂ ಹೋಗುವ ಹಾಗಿಲ್ಲ.

ರಾತ್ರಿ ಪಾಳಿಯವರಿಗೆ ಬೇರೆಯಾಗಿ, ರಾತ್ರಿಯಲ್ಲೇ ಡ್ರಿಲ್ ಮಾಡಿ. ಆ ಹೊತ್ತಿಗೆ ಯಾವ ಬಾಗಿಲಿಗೆ ಬೀಗ ಬಿದ್ದಿರುತ್ತದೆ, ಮೆಟ್ಟಿಲಿನ ಯಾವ ದೀಪ ಆರಿಸಿರುತ್ತಾರೆ ಅನ್ನುವುದು ಹಗಲಿನವರಿಗೆ ಗೊತ್ತೇ ಇರುವುದಿಲ್ಲ.

ಒಂದೊಂದಕ್ಕೂ ಬೇರೆ ಪ್ಲಾನ್ ಬೇಕಾ?

ಬೇಡ. ಹೊರಗೆ ಹೋಗುವುದು, ಒಳಗೇ ಇರುವುದು, ಅಲ್ಲೇ ತಲೆ ರಕ್ಷಿಸಿಕೊಳ್ಳುವುದು. ಮಾಡುವ ಕೆಲಸ ಈ ಮೂರೇ. ಯಾವಾಗ ಯಾವುದು ಅಂತ ತಿಳಿದರೆ ಸಾಕು. ಹೊರಗೆ ರಾಸಾಯನಿಕ ಸೋರಿದ್ದರೆ ಅಥವಾ ಬಿರುಗಾಳಿ ಬಂದರೆ ಒಳಗೇ ಇರಬೇಕು. ಬೆಂಕಿಗೆ ಮಾತ್ರ ತರಬೇತಿ ಆದವರು ಇಂಥ ಹೊತ್ತಲ್ಲಿ ಬೀದಿಗೆ ಓಡುತ್ತಾರೆ. ಹಾಗಾಗಿ ಎರಡಕ್ಕೂ ಒಂದೇ ಸೈರನ್ ಬಳಸಬೇಡಿ, ಬಾಯಿಮಾತಿನ ಪ್ರಕಟಣೆ ಇರಲಿ.

ಭೂಕಂಪದಲ್ಲಿ ಬಾಗಿಲ ಚೌಕಟ್ಟಿನಡಿ ನಿಲ್ಲಬೇಕು ಅನ್ನುವುದು ಹಳೆಯ ನಂಬಿಕೆ. ಇಂದಿನ ಕಟ್ಟಡಗಳಲ್ಲಿ ಚೌಕಟ್ಟು ಉಳಿದ ಗೋಡೆಗಿಂತ ಗಟ್ಟಿಯೇನಲ್ಲ, ಬಾಗಿಲು ಬೀಸಿ ಹೊಡೆಯುತ್ತದೆ. ನೆಲ ಅಲುಗುತ್ತಿರುವಾಗ ನಾಲ್ಕು ಮಹಡಿ ಇಳಿದು ಓಡುವುದೂ ತಪ್ಪು. ಮೆಟ್ಟಿಲಲ್ಲಿ ಬೀಳುತ್ತೀರಿ, ಹೊರಗೆ ಗಾಜು, ಹೆಂಚು, ಇಟ್ಟಿಗೆ ಮೇಲೆ ಬೀಳುತ್ತವೆ. ಮಂಡಿಯೂರಿ, ಗಟ್ಟಿ ಮೇಜಿನಡಿ ಸೇರಿ, ಅದರ ಕಾಲು ಹಿಡಿದುಕೊಳ್ಳಿ. ಅಲುಗಾಟ ನಿಂತ ಮೇಲೆ ಮೆಟ್ಟಿಲಿಂದ ಇಳಿಯಿರಿ. ಮಣ್ಣಿನ ಗೋಡೆ, ಭಾರದ ಚಾವಣಿ ಇರುವ ಒಂದೇ ಅಂತಸ್ತಿನ ಕಟ್ಟಡದಲ್ಲಿ, ಬಾಗಿಲು ಎರಡು ಹೆಜ್ಜೆ ದೂರದಲ್ಲಿ ಇದ್ದರೆ ಹೊರಗೆ ಹೋಗುವುದೇ ಮೇಲಾಗಬಹುದು. ನಿಮ್ಮದು ಹಾಗಿಲ್ಲ. ಇವತ್ತೇ ಮಾಡಬಹುದಾದ ಕೆಲಸ ಎಂದರೆ ಎತ್ತರದ ಕಪಾಟುಗಳನ್ನು ಗೋಡೆಗೆ ಬಿಗಿಸುವುದು, ಭಾರದ ಸಾಮಾನು ಕೆಳಗಿಡುವುದು.

ಪ್ರವಾಹದಲ್ಲಿ ನಾಲ್ಕನೇ ಮಹಡಿಯವರಿಗೆ ಅಪಾಯ ಬರುವುದು ಮನೆಗೆ ಹೊರಟಾಗ. ಸುಮಾರು 15 ಸೆಂಟಿಮೀಟರ್ ಹರಿಯುವ ನೀರು ದೊಡ್ಡವರನ್ನೂ ಕೆಡವಬಹುದು. 30 ಸೆಂಟಿಮೀಟರ್ ನೀರು ಕಾರನ್ನು ಎಳೆದೊಯ್ಯಬಹುದು. ಮಳೆ ಜೋರಾದ ದಿನ ಬೇಗ ಬಿಡಬೇಕಾ, ಉಳಿಸಿಕೊಳ್ಳಬೇಕಾ ಅಂತ ಯಾರು, ಎಷ್ಟು ಗಂಟೆಗೆ ತೀರ್ಮಾನಿಸುತ್ತಾರೆ ಅಂತ ಮೊದಲೇ ಬರೆದಿಡಿ. ಜನರೇಟರ್, ಕರೆಂಟಿನ ಬೋರ್ಡು ನೆಲಮಾಳಿಗೆಯಲ್ಲಿವೆಯಾ ಅಂತಲೂ ನೋಡಿ. 2011ರಲ್ಲಿ ಜಪಾನಿನ ಫುಕುಶಿಮಾ ಅಣು ಸ್ಥಾವರದಲ್ಲಿ ಸುನಾಮಿಯ ನೀರು ನುಗ್ಗಿ ತುರ್ತು ಜನರೇಟರ್‌ಗಳು ನಿಂತುಹೋದವು. ಅವುಗಳಲ್ಲಿ ಹೆಚ್ಚಿನವು ನೆಲಮಾಳಿಗೆಯಲ್ಲಿದ್ದವು.

ಹೃದಯದ ವಿಷಯ ಬೇರೆ. 60 ಜನರ ಆಫೀಸಿನಲ್ಲಿ ಭೂಕಂಪಕ್ಕಿಂತ ಇದನ್ನು ಎದುರಿಸುವ ಸಂಭವ ಹೆಚ್ಚು. ಹೃದಯ ಹಠಾತ್ ನಿಂತಾಗ ಯಾರೂ ಎದೆ ಒತ್ತದಿದ್ದರೆ ಬದುಕುವ ಸಾಧ್ಯತೆ ಪ್ರತಿ ನಿಮಿಷಕ್ಕೆ ಸುಮಾರು 7ರಿಂದ 10 ಶೇಕಡಾ ಕಡಿಮೆಯಾಗುತ್ತಾ ಹೋಗುತ್ತದೆ. ಆಂಬುಲೆನ್ಸ್ ಬರುವವರೆಗೆ ಕಾದರೆ ತಡ. ಪ್ರಜ್ಞೆ ಇಲ್ಲ, ಸರಿಯಾದ ಉಸಿರಿಲ್ಲ ಅಂದರೆ ಒಬ್ಬರು ಆಂಬುಲೆನ್ಸಿಗೆ ಫೋನ್ ಮಾಡಲಿ, ಇನ್ನೊಬ್ಬರು ಎದೆಯ ನಡುವೆ ನಿಮಿಷಕ್ಕೆ 100ರಿಂದ 120 ಸಲ, 5ರಿಂದ 6 ಸೆಂಟಿಮೀಟರ್ ಆಳಕ್ಕೆ ಒತ್ತಲಿ. ಪಕ್ಕೆಲುಬು ಮುರಿದೀತು ಅನ್ನುವ ಭಯಕ್ಕೆ ಎಷ್ಟೋ ಜನ ಕೈ ಕಟ್ಟಿ ನಿಲ್ಲುತ್ತಾರೆ. ಮುರಿದ ಪಕ್ಕೆಲುಬು ಕೂಡಿಕೊಳ್ಳುತ್ತದೆ. ಶಾಕ್ ಕೊಡುವ ಎಇಡಿ ಯಂತ್ರ ತಾನೇ ಮಾತಾಡಿ ಹೇಳಿಕೊಡುತ್ತದೆ, ಬೇಡದಿದ್ದಾಗ ಶಾಕ್ ಕೊಡುವುದಿಲ್ಲ. ಅದನ್ನು ಬೀಗ ಹಾಕಿದ ಕೋಣೆಯಲ್ಲಿ ಇಡಬೇಡಿ.

ಎಲ್ಲರೂ ಪಾರಾದ ಮೇಲೆ ಕೆಲಸವೂ ಉಳಿಯಬೇಕು, ಸಂಬಳವೂ ಬರಬೇಕು. 2021ರ ಮಾರ್ಚ್‌ನಲ್ಲಿ ಫ್ರಾನ್ಸಿನ ಸ್ಟ್ರಾಸ್‌ಬರ್ಗ್‌ನಲ್ಲಿ ಓವಿಎಚ್ ಎಂಬ ಕಂಪನಿಯ ಒಂದು ಡೇಟಾ ಸೆಂಟರ್ ಸುಟ್ಟುಹೋಯಿತು. ಬ್ಯಾಕಪ್ ಕೂಡ ಅದೇ ಆವರಣದಲ್ಲಿ ಇಟ್ಟಿದ್ದ ಕೆಲವು ಗ್ರಾಹಕರು ಎರಡನ್ನೂ ಕಳೆದುಕೊಂಡರು. ಮುಖ್ಯ ಫೈಲ್‌ಗಳ ಮೂರು ಪ್ರತಿ, ಎರಡು ಬಗೆಯ ಸಾಧನದಲ್ಲಿ, ಅದರಲ್ಲಿ ಒಂದು ಪ್ರತಿ ಬೇರೆ ಜಾಗದಲ್ಲಿ. ಈ ಲೆಕ್ಕ ಸಾಕು. ಆರು ತಿಂಗಳಿಗೊಮ್ಮೆ ಬ್ಯಾಕಪ್‌ನಿಂದ ನಿಜವಾಗಿ ಒಂದು ಫೈಲ್ ವಾಪಸ್ ತಂದು ನೋಡಿ.

ಇನ್ನು ಖರೀದಿ. ಪಟ್ಟಿ ಹಿಡಿದು ಅಂಗಡಿಗೆ ಹೋಗುವ ಮೊದಲು ಬೀಗ ತೆಗೆಸಿ, ಮೆಟ್ಟಿಲು ಖಾಲಿ ಮಾಡಿಸಿ, ಒಂದು ಡ್ರಿಲ್ ಮಾಡಿ. ಆಮೇಲೆ ತಳ್ಳುವ ಪಟ್ಟಿಯ ಬಾಗಿಲು, ಮೆಟ್ಟಿಲಿಗೆ ಬ್ಯಾಟರಿ ದೀಪ, ಇಳಿಸುವ ಕುರ್ಚಿ ಮತ್ತು ಅದರ ತರಬೇತಿ, ಎಇಡಿ ಮತ್ತು ಪ್ರಥಮ ಚಿಕಿತ್ಸೆಯ ತರಬೇತಿ, ಇದೇ ಕ್ರಮದಲ್ಲಿ. ಟಾರ್ಚು, ಸೀಟಿ, ಕುಡಿಯುವ ನೀರು, ಪ್ರಥಮ ಚಿಕಿತ್ಸೆ ಪೆಟ್ಟಿಗೆ ಇವುಗಳಿಗೆ ಹೆಚ್ಚು ಖರ್ಚಿಲ್ಲ, ಜೊತೆಗೇ ತನ್ನಿ. ಹೊಗೆಯಿಂದ ಕಾಪಾಡುವ ಮುಖವಾಡ, ಕಿಟಕಿಯಿಂದ ಇಳಿಯುವ ಹಗ್ಗ ಮಾರುವವರು ನಿಮ್ಮನ್ನು ಹುಡುಕಿಕೊಂಡು ಬರುತ್ತಾರೆ. ಪ್ರಮಾಣಪತ್ರವಿಲ್ಲದ ಮುಖವಾಡ ಸುಳ್ಳು ಧೈರ್ಯ ಕೊಡುತ್ತದೆ, ಅಭ್ಯಾಸವಿಲ್ಲದವರಿಗೆ ಹಗ್ಗ ಜೀವಕ್ಕೇ ಅಪಾಯ. ಅವೆರಡನ್ನೂ ಕೊಳ್ಳಬೇಡಿ.

ಆ 40 ಪುಟದ ಮಾದರಿಯನ್ನು ಎಸೆಯಬೇಕಿಲ್ಲ, ವಿಮೆಯವರು ಮತ್ತು ತಪಾಸಣೆಯವರು ಕೇಳಿದಾಗ ಬೇಕಾಗುತ್ತದೆ. ಗೋಡೆಗೆ ಹಾಕಲು ಮಾತ್ರ ಒಂದೇ ಪುಟ ಮಾಡಿ: ನೀವಿರುವ ಜಾಗ, ಎರಡು ದಾರಿ, ಸೇರುವ ಜಾಗ, ತುರ್ತು ನಂಬರುಗಳು, ಜವಾಬ್ದಾರರ ಹೆಸರು. ಅದರಲ್ಲಿನ ಹೆಸರುಗಳನ್ನು ಮೂರು ತಿಂಗಳಿಗೊಮ್ಮೆ ನೋಡಿ, ಕೆಲಸ ಬಿಟ್ಟು ಹೋದವರ ಹೆಸರು ಅಳಿಸಿ, ಹೊಸಬರದು ಬರೆಯಿರಿ.